ನವನಗರದ ಕಚೇರಿ, ಮೂರು ಶಾಖೆ: ನೆಟ್‌ವರ್ಕ್ ಸುರಕ್ಷತೆಯ ಯೋಜನೆ ಎಲ್ಲಿಂದ ಶುರು ಮಾಡಬೇಕು?

ನವನಗರ_ಕಲಿಕೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಒಂದು ಪತ್ತಿನ ಸಹಕಾರಿ ಸಂಘದ ಕಂಪ್ಯೂಟರ್ ಉಸ್ತುವಾರಿ ಈಗ ನನ್ನ ಪಾಲಿಗೆ ಬಂದಿದೆ. ಮುಖ್ಯ ಕಚೇರಿ ಬಾಗಲಕೋಟೆಯ ನವನಗರದಲ್ಲಿ, ಶಾಖೆಗಳು ಇಳಕಲ್ಲ, ಮುಧೋಳ, ಜಮಖಂಡಿಯಲ್ಲಿ. ವಿಂಡೋಸ್ ಹಾಕುವುದು, ಪ್ರಿಂಟರ್ ಜೋಡಿಸುವುದು, ಕೇಬಲ್ ಕ್ರಿಂಪ್ ಮಾಡುವುದು ಬರುತ್ತದೆ. ನೆಟ್‌ವರ್ಕ್ ಸುರಕ್ಷತೆಗೆ ಯೋಜನೆ ಹಾಕಿ ನಡೆಸುವ ಕೆಲಸ ಹೊಸದು.

ಈಗಿನ ಸ್ಥಿತಿ ಇದು. ಮುಖ್ಯ ಕಚೇರಿಯಲ್ಲಿ 22 ಕಂಪ್ಯೂಟರ್, ಒಂದು ವಿಂಡೋಸ್ ಸರ್ವರ್, ಅದರಲ್ಲೇ ಲೆಕ್ಕಪತ್ರದ ಸಾಫ್ಟ್‌ವೇರ್ ಮತ್ತು ಎಸ್‌ಕ್ಯೂಎಲ್ ಡೇಟಾಬೇಸ್. 16 ಕ್ಯಾಮೆರಾಗಳ ಡಿವಿಆರ್, ಹಾಜರಿಯ ಬೆರಳಚ್ಚು ಯಂತ್ರ, ಮೂರು ಪ್ರಿಂಟರ್. ಎಲ್ಲವೂ ಎರಡು ಸಾದಾ ಸ್ವಿಚ್‌ಗಳ ಮೇಲೆ, ಒಂದೇ 192.168.1.0/24 ಜಾಲದಲ್ಲಿವೆ. ಶಾಖೆಗಳಲ್ಲಿ ನಾಲ್ಕೈದು ಕಂಪ್ಯೂಟರ್. ಅಲ್ಲೂ ಅದೇ 192.168.1. ಶಾಖೆಯವರು ಮುಖ್ಯ ಕಚೇರಿಯ ಮೋಡೆಮ್‌ನಲ್ಲಿ 3389 ಪೋರ್ಟ್ ಫಾರ್ವರ್ಡ್ ಮಾಡಿಟ್ಟ (ಹೊರಗಿನಿಂದ ಬಂದದ್ದನ್ನು ನೇರ ಸರ್ವರ್‌ಗೆ ಕಳಿಸುವ) ದಾರಿಯಲ್ಲಿ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಸರ್ವರ್‌ಗೆ ಬರುತ್ತಾರೆ. ವೈಫೈಗೆ ಒಂದೇ ಪಾಸ್‌ವರ್ಡ್, ಅದು ಗ್ರಾಹಕರಿಗೂ ಗೊತ್ತು. ಬ್ಯಾಕಪ್ ದಿನಾ ಸಂಜೆ ಯುಎಸ್‌ಬಿ ಡಿಸ್ಕ್‌ಗೆ ಹೋಗುತ್ತದೆ, ಡಿಸ್ಕ್ ಸರ್ವರ್‌ಗೇ ಚುಚ್ಚಿರುತ್ತದೆ.

ಆಡಳಿತ ಮಂಡಳಿ ಒಂದೂವರೆ ಲಕ್ಷ ಮಂಜೂರು ಮಾಡಿದೆ, ಯಾವ ಫೈರ್‌ವಾಲ್ ತರಬೇಕೆಂದು ಕೇಳುತ್ತಿದೆ. ಯಾವುದು ತರಲಿ? ಅದಕ್ಕೂ ಮೊದಲು ಕೋರ್ಸ್ ಮಾಡಬೇಕೇ? ಮತ್ತೆ, ಯೋಜನೆ ಯೋಜನೆ ಎನ್ನುತ್ತಾರಲ್ಲ, ಕಾಗದದ ಮೇಲೆ ಅದು ಹೇಗಿರುತ್ತದೆ?

---

ಗೋಳಗುಮ್ಮಟ_443 ಉತ್ತರ:

ಎಲ್ಲಕ್ಕಿಂತ ಮೊದಲು ಮೋಡೆಮ್‌ನ ಆ 3389 ಫಾರ್ವರ್ಡ್ ಇವತ್ತೇ ತೆಗೆಯಿರಿ. ಯೋಜನೆ ಮುಗಿಯುವವರೆಗೆ ಕಾಯುವ ಕೆಲಸ ಅಲ್ಲ ಇದು. ಇಂಟರ್ನೆಟ್ಟಿಗೆ ತೆರೆದ ರಿಮೋಟ್ ಡೆಸ್ಕ್‌ಟಾಪ್ ಅನ್ನು ಹುಡುಕಲು ಯಾರೂ ನಿಮ್ಮ ಸಂಘವನ್ನೇ ಗುರಿ ಮಾಡಬೇಕಾಗಿಲ್ಲ. ಇಡೀ ಇಂಟರ್ನೆಟ್ಟನ್ನು ಸ್ಕ್ಯಾನ್ ಮಾಡುವ ಯಂತ್ರಗಳು ಹಗಲು ರಾತ್ರಿ ಓಡುತ್ತಿರುತ್ತವೆ, ಸಿಕ್ಕ ಬಾಗಿಲಿಗೆ ಪಾಸ್‌ವರ್ಡ್‌ಗಳನ್ನು ಒಂದಾದಮೇಲೊಂದು ಹಾಕಿ ನೋಡುತ್ತವೆ. 3389 ಬದಲು 33890 ಎಂದು ಸಂಖ್ಯೆ ಬದಲಿಸಿದರೂ ಉಪಯೋಗವಿಲ್ಲ, ಸ್ಕ್ಯಾನರ್ ಉತ್ತರದ ಧಾಟಿ ನೋಡಿಯೇ ಇದು ರಿಮೋಟ್ ಡೆಸ್ಕ್‌ಟಾಪ್ ಎಂದು ಗುರುತಿಸುತ್ತದೆ. ಶಾಖೆಯ ಕೆಲಸ ನಿಲ್ಲಬಾರದು ಎಂದರೆ ಈ ವಾರದ ಮಟ್ಟಿಗೆ ಸರ್ವರ್ ಮತ್ತು ಶಾಖೆಯ ಕಂಪ್ಯೂಟರ್‌ಗಳ ನಡುವೆ ವೈರ್‌ಗಾರ್ಡ್ (ಇಂಟರ್ನೆಟ್ ಮೂಲಕ ಗೂಢಲಿಪಿಯ ಖಾಸಗಿ ದಾರಿ, ಅಂದರೆ ವಿಪಿಎನ್, ಕಟ್ಟುವ ಸಾಫ್ಟ್‌ವೇರ್) ಹಾಕಿ, ಯುಡಿಪಿ 51820 ಒಂದನ್ನೇ ತೆರೆಯಿರಿ. ಸರಿಯಾದ ಕೀ ಇಲ್ಲದ ಪ್ಯಾಕೆಟ್ಟಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಹಾಗಾಗಿ ಹೊರಗಿನಿಂದ ನೋಡುವವನಿಗೆ ಅಲ್ಲಿ ಬಾಗಿಲಿದೆ ಎಂದೇ ತಿಳಿಯದು.

ಬಾಗಿಲು ಮುಚ್ಚಿದ ಮೇಲೆ ಸರ್ವರ್‌ನ ಸೆಕ್ಯುರಿಟಿ ಲಾಗ್ ತೆರೆದು ಈವೆಂಟ್ 4625 ಎಣಿಸಿ. ಅವು ವಿಫಲ ಲಾಗಿನ್‌ಗಳು. ಅವುಗಳಿಗಿಂತ ಮುಖ್ಯ 4624, ಅಂದರೆ ಯಶಸ್ವಿ ಲಾಗಿನ್, ಅದರಲ್ಲೂ ಲಾಗಿನ್ ಟೈಪ್ 10 (ರಿಮೋಟ್ ಡೆಸ್ಕ್‌ಟಾಪ್‌ನಿಂದ ಬಂದದ್ದು) ಇರುವವು. ಅದರಲ್ಲಿ ಶಾಖೆಯದಲ್ಲದ ಒಂದು ಐಪಿ ಕಂಡರೂ ಅದು ಯೋಜನೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ಘಟನೆಯಾಗುತ್ತದೆ. ಒಂದು ಸೂಕ್ಷ್ಮ: ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಶನ್ (ಡೆಸ್ಕ್‌ಟಾಪ್ ತೆರೆಯುವ ಮೊದಲೇ ಪಾಸ್‌ವರ್ಡ್ ಪರೀಕ್ಷಿಸುವ ಏರ್ಪಾಡು) ಆನ್ ಇದ್ದರೆ ವಿಫಲ ಯತ್ನಗಳು ಟೈಪ್ 3 ಎಂದು ದಾಖಲಾಗುತ್ತವೆ. ಟೈಪ್ 10ರಲ್ಲಿ ವೈಫಲ್ಯ ಕಾಣಲಿಲ್ಲ ಎಂದು ಸಮಾಧಾನ ಪಡಬೇಡಿ.

ಈಗ ಯೋಜನೆ. ಫೈರ್‌ವಾಲ್ ಎಂದರೆ ಯಾರು ಯಾರ ಜೊತೆ ಮಾತಾಡಬಹುದು ಎಂಬ ಪಟ್ಟಿಯನ್ನು ಜಾರಿ ಮಾಡುವ ಪೆಟ್ಟಿಗೆ. ಆ ಪಟ್ಟಿ ಅಂಗಡಿಯವನ ಬಳಿ ಇರುವುದಿಲ್ಲ, ನೀವೇ ಬರೆಯಬೇಕು. ಪಟ್ಟಿ ಇಲ್ಲದೆ ತಂದ ಫೈರ್‌ವಾಲ್‌ನಲ್ಲಿ ಅಳವಡಿಸುವವರು ಕೆಲಸ ನಡೆಯಲೆಂದು ಎಲ್ಲರಿಂದ ಎಲ್ಲರಿಗೂ ಬಿಡುವ ಒಂದು ನಿಯಮ ಹಾಕಿ ಹೋಗುತ್ತಾರೆ. ಪೆಟ್ಟಿಗೆಯ ಬೆಲೆ ಎಷ್ಟೇ ಇರಲಿ, ಅಲ್ಲಿಗೆ ಅದು ಬರೀ ರೌಟರ್. ಅದಕ್ಕೇ ಮೊದಲು ಮೂರು ಹಾಳೆ.

ಮೊದಲ ಹಾಳೆ, ಆಸ್ತಿ ಪಟ್ಟಿ. ಸಾಧನ, ಇರುವ ಜಾಗ, ಮ್ಯಾಕ್ ವಿಳಾಸ, ಐಪಿ, ಆಪರೇಟಿಂಗ್ ಸಿಸ್ಟಮ್ ಮತ್ತು ಆವೃತ್ತಿ, ಯಾರ ಜವಾಬ್ದಾರಿ, ತಯಾರಕರ ಬೆಂಬಲ ಯಾವಾಗ ಮುಗಿಯುತ್ತದೆ. ಕೊನೆಯ ಕಾಲಂ ಬಿಡಬೇಡಿ. ವಿಂಡೋಸ್ 7 ಬೆಂಬಲ 2020ರ ಜನವರಿ 14ಕ್ಕೆ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಒಂದೂವರೆ ಲಕ್ಷದ ಒಂದು ಭಾಗ ಇಲ್ಲಿಗೇ ಬೇಕಾಗಬಹುದು. ಪಟ್ಟಿ ಮಾಡಲು ಎನ್‌ಮ್ಯಾಪ್ ಎಂಬ ಜಾಲ ಹುಡುಕುವ ಸಾಫ್ಟ್‌ವೇರ್‌ನ ಪಿಂಗ್ ಸ್ಕ್ಯಾನ್ ಓಡಿಸಿ, ಆದರೆ ಅಡ್ಮಿನಿಸ್ಟ್ರೇಟರ್ ಆಗಿಯೇ ಓಡಿಸಿ. ಒಂದೇ ಜಾಲದ ಒಳಗೆ ಆಗ ಅದು ಎಆರ್‌ಪಿ (ಈ ಐಪಿಯ ಮ್ಯಾಕ್ ವಿಳಾಸ ಯಾವುದು ಎಂದು ಕೇಳುವ ಪದ್ಧತಿ) ಬಳಸುತ್ತದೆ, ಪಿಂಗ್‌ಗೆ ಉತ್ತರಿಸದ ಕಂಪ್ಯೂಟರ್ ಕೂಡ ಸಿಕ್ಕಿಬೀಳುತ್ತದೆ. ಬಂದ ಸಂಖ್ಯೆಯನ್ನು ಕೈಯಾರೆ ಎಣಿಸಿದ್ದಕ್ಕೆ ಹೋಲಿಸಿ. ಸ್ಕ್ಯಾನ್‌ನಲ್ಲಿ 34, ಎಣಿಕೆಯಲ್ಲಿ 31 ಬಂದರೆ ಆ ಮೂರು ಯಾವುವು ಎಂದು ತಿಳಿಯುವವರೆಗೆ ಮುಂದಿನ ಹಾಳೆಗೆ ಹೋಗಬೇಡಿ. ಸಾಮಾನ್ಯವಾಗಿ ಯಾರದೋ ಮೇಜಿನ ಕೆಳಗಿನ ಮನೆ ರೌಟರ್ ಸಿಗುತ್ತದೆ.

ಎರಡನೆಯದು, ಸಂಪರ್ಕದ ಹಾಳೆ. ನನ್ನ ಪ್ರಕಾರ ಇದೇ ಇಡೀ ಯೋಜನೆಯ ಬೆನ್ನೆಲುಬು. ಒಂದು ಸಾಲು ಹೀಗಿರುತ್ತದೆ:

ಕೌಂಟರ್ ಕಂಪ್ಯೂಟರ್‌ಗಳಿಂದ – ಸರ್ವರ್‌ಗೆ – ಟಿಸಿಪಿ 1433 – ಲೆಕ್ಕದ ಸಾಫ್ಟ್‌ವೇರ್‌ಗೆ – ಬೆಳಿಗ್ಗೆ 9ರಿಂದ ಸಂಜೆ 7 – ಒಪ್ಪಿದವರು: ವ್ಯವಸ್ಥಾಪಕರು.

ಯಾವ ಪೋರ್ಟ್ ಎಂಬುದನ್ನು ಊಹಿಸಿ ಬರೆಯಬಾರದು. ಕೆಲಸ ನಡೆಯುವ ಹೊತ್ತಿಗೆ ಕೌಂಟರ್ ಕಂಪ್ಯೂಟರ್‌ನಲ್ಲಿ ನೆಟ್‌ಸ್ಟ್ಯಾಟ್ ಹಾಕಿದರೆ ಸಾಫ್ಟ್‌ವೇರ್ ನಿಜವಾಗಿ ಎಲ್ಲೆಲ್ಲಿ ಮಾತಾಡುತ್ತಿದೆ ಎಂದು ಕಾಣುತ್ತದೆ. ಎಸ್‌ಕ್ಯೂಎಲ್‌ಗೆ ಹೆಸರಿಟ್ಟ ಇನ್‌ಸ್ಟನ್ಸ್ ಇದ್ದರೆ ಪೋರ್ಟ್ 1433 ಆಗಿರದೆ ಸರ್ವಿಸ್ ಮರುಆರಂಭವಾದಾಗ ಬದಲಾಗಬಹುದು, ಯುಡಿಪಿ 1434 ಕೂಡ ಬೇಕಾಗುತ್ತದೆ. ಕಾನ್ಫಿಗರೇಶನ್ ಮ್ಯಾನೇಜರ್‌ನಲ್ಲಿ ಅದಕ್ಕೊಂದು ಸ್ಥಿರ ಪೋರ್ಟ್ ಕೊಟ್ಟುಬಿಡಿ. ಇಲ್ಲದಿದ್ದರೆ ಫೈರ್‌ವಾಲ್ ಹಾಕಿದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಕೌಂಟರ್ ನಿಲ್ಲುತ್ತದೆ, ಬೈಗುಳ ಫೈರ್‌ವಾಲ್‌ಗೆ ಬೀಳುತ್ತದೆ. ತಿಂಗಳ ಕೊನೆ, ವರ್ಷದ ಕೊನೆಗೆ ಮಾತ್ರ ನಡೆಯುವ ಕೆಲಸಗಳನ್ನೂ ಕೇಳಿ ಬರೆದುಕೊಳ್ಳಿ. ಮಾರ್ಚ್ 31ರ ರಾತ್ರಿ ಬೇಕಾಗುವ ಸಂಪರ್ಕವೊಂದು ಜುಲೈನಲ್ಲಿ ಮಾಡಿದ ಪಟ್ಟಿಯಲ್ಲಿ ಇರುವುದೇ ಇಲ್ಲ.

ಮೂರನೆಯ ಹಾಳೆ ಚಿಕ್ಕದು. ಪ್ರತಿ ಸೇವೆ ಎಷ್ಟು ಗಂಟೆ ನಿಂತರೆ ತಾಳಬಹುದು, ಎಷ್ಟು ಹೊತ್ತಿನ ನಮೂದು ಕಳೆದರೆ ಮತ್ತೆ ಕೂಡಿಸಬಹುದು. ಈ ಎರಡು ಅಂಕಿಗಳನ್ನು ಮಂಡಳಿಯಿಂದಲೇ ಹೇಳಿಸಿ ಸಹಿ ತೆಗೆದುಕೊಳ್ಳಿ, ಏಕೆಂದರೆ ಬ್ಯಾಕಪ್‌ಗೆ, ಬದಲಿ ಫೈರ್‌ವಾಲ್‌ಗೆ, ಎರಡನೇ ಇಂಟರ್ನೆಟ್ ಲೈನಿಗೆ ಎಷ್ಟು ಖರ್ಚು ಎನ್ನುವುದು ಅವುಗಳಿಂದಲೇ ಹೊರಡುತ್ತದೆ. ಅಪಾಯಕ್ಕೆ ಒಂದರಿಂದ ಐದು ಅಂಕ ಕೊಟ್ಟು ಗುಣಿಸುವ ದೊಡ್ಡ ಕೋಷ್ಟಕ ಈ ಗಾತ್ರದ ಕಚೇರಿಗೆ ಬೇಡ.

ಚೌಕಟ್ಟು ಬೇಕೆಂದರೆ ಸಿಐಎಸ್ ಕಂಟ್ರೋಲ್ಸ್ ತೆಗೆದುಕೊಳ್ಳಿ. ಒಟ್ಟು 18 ಕಂಟ್ರೋಲ್, ಅವುಗಳಲ್ಲಿ ಸಣ್ಣ ಸಂಸ್ಥೆಗೆಂದು ಆರಿಸಿದ ಮೊದಲ ಗುಂಪಿನಲ್ಲಿ 56 ಕ್ರಮಗಳು. ಮೊದಲ ಎರಡು ಕಂಟ್ರೋಲ್‌ಗಳೇ ಸಾಧನಗಳ ಪಟ್ಟಿ ಮತ್ತು ಸಾಫ್ಟ್‌ವೇರ್‌ಗಳ ಪಟ್ಟಿ. ಮಾಹಿತಿ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 27001 ಓದಲು ಒಳ್ಳೆಯದು. ಆದರೆ 2022ರ ಆವೃತ್ತಿಯ 93 ನಿಯಂತ್ರಣಗಳಿಗೆ ಒಬ್ಬರೇ ಕೂತು ಕಾಗದ ತಯಾರಿಸಲು ಹೊರಟರೆ ಕೆಲಸ ಹಿಂದೆ ಬೀಳುತ್ತದೆ.

---

ಉದ್ಯಮಬಾಗ_ಫೈಬರ್ ಉತ್ತರ:

ಮ್ಯಾಲಿನವರು ಹೇಳಿದ್ದು ಖರೇ ಐತ್ರಿ, ಮೂರು ಹಾಳಿ ಮೊದಲು. ನಾ ವಿಳಾಸ ಮತ್ತ ಸ್ವಿಚ್ಚಿನ ಬಗ್ಗೆ ಹೇಳ್ತೇನಿ, ಬೆಳಗಾವಿ ಕಡೆ ಕಾರ್ಖಾನಿ ಜಾಲದಾಗೂ ಇವೇ ತಪ್ಪು ಆಗ್ತಾವ.

ನಿಮ್ಮ ನಾಲ್ಕೂ ಕಡೆ 192.168.1 ಐತಿ ಅಂದ್ರಿ. ಹಂಗ ಇಟ್ಟು ಶಾಖೆಗಳನ್ನ ವಿಪಿಎನ್‌ದಾಗ ಜೋಡಸಾಕ ಆಗಂಗಿಲ್ಲ. ಮುಧೋಳದ ಕಂಪ್ಯೂಟರ್ 192.168.1.10 ಕೇಳಿದ್ರ ಅದು ತನ್ನ ಮನಿಯೊಳಗಿಂದು ಅಂತ ತಿಳ್ಕೊಂಡು ಅಲ್ಲೇ ಹುಡುಕತೈತಿ, ಪ್ಯಾಕೆಟ್ ರೌಟರಿಗೆ ಬರೂದs ಇಲ್ಲ. ಹಂಗಾಗಿ ಮೊದಲು ವಿಳಾಸ ಬದಲಿ ಮಾಡ್ರಿ. ನವನಗರಕ್ಕ 10.10, ಇಳಕಲ್ಲಕ್ಕ 10.11, ಮುಧೋಳಕ್ಕ 10.12, ಜಮಖಂಡಿಗೆ 10.13. ಮೂರನೇ ಅಂಕಿ ವಿಲ್ಯಾನ್ (ಒಂದs ಸ್ವಿಚ್ಚಿನ ಮ್ಯಾಲ ಬ್ಯಾರೆ ಬ್ಯಾರೆ ಜಾಲ ಮಾಡೂದು) ನಂಬರ್ ಇರಲಿ: ಸರ್ವರಿಗೆ 10, ಸಿಬ್ಬಂದಿಗೆ 20, ಕ್ಯಾಮೆರಾ ಮತ್ತ ಬೆರಳಚ್ಚು ಯಂತ್ರಕ್ಕ 30, ಗ್ರಾಹಕರ ವೈಫೈಗೆ 40, ಸ್ವಿಚ್ ಫೈರ್‌ವಾಲ್ ಸೆಟ್ಟಿಂಗ್ ಮಾಡೂದಕ್ಕ 99. ಲಾಗ್ ಒಳಗ 10.12.30.7 ಕಂಡ್ರ ಹಾಳಿ ನೋಡದs ಹೇಳಬಹುದು, ಮುಧೋಳದ ಕ್ಯಾಮೆರಾ ಕಡಿಂದು ಅಂತ. ರಾತ್ರಿ ಹನ್ನೊಂದಕ್ಕ ಫೋನ್ ಬಂದಾಗ ಇದು ಭಾಳ ಉಪಯೋಗಕ್ಕ ಬರ್ತೈತಿ.

ಸಾದಾ ಸ್ವಿಚ್ಚಿಗೆ ವಿಲ್ಯಾನ್ ತಿಳಿಯಂಗಿಲ್ಲ, ಮ್ಯಾನೇಜ್ಡ್ ಸ್ವಿಚ್ ಬೇಕs ಬೇಕು. ನನ್ನ ಕೇಳಿದ್ರ ಮೊದಲ ಖರ್ಚು ಇದರ ಮ್ಯಾಲ ಆಗಬೇಕು, ಫೈರ್‌ವಾಲ್ ಆಮ್ಯಾಲ. ಕಡಿಮಿ ಬೆಲಿ ಸ್ಮಾರ್ಟ್ ಸ್ವಿಚ್‌ದಾಗ ಒಂದು ತಪ್ಪು ಎಲ್ಲಾರೂ ಮಾಡ್ತಾರ. ಪೋರ್ಟ್ 5ನ್ನ ವಿಲ್ಯಾನ್ 20ಕ್ಕ ಅನ್‌ಟ್ಯಾಗ್ಡ್ ಮಾಡ್ತಾರ, ಆದ್ರ ಪಿವಿಐಡಿ ಅನ್ನೂದು ಬ್ಯಾರೆ ಪುಟದಾಗ ಇರ್ತೈತಿ, ಅದು 1ರಲ್ಲೇ ಉಳೀತೈತಿ. ಆಗ ಸ್ವಿಚ್ಚಿನಿಂದ ಹೊರಗ ಹೋಗೂ ಫ್ರೇಮ್ 20ರದು, ಕಂಪ್ಯೂಟರಿನಿಂದ ಒಳಗ ಬರೂದು ವಿಲ್ಯಾನ್ 1ಕ್ಕ ಬೀಳ್ತೈತಿ. ಕಂಪ್ಯೂಟರ್ ಕೇಳಿದ ಐಪಿ ವಿನಂತಿ ತಪ್ಪು ಓಣಿಗೆ ಹೋಗಿ, ಐಪಿ ಸಿಗದಾಗ ತಾನs ಹಾಕ್ಕೊಳ್ಳೂ 169.254 ವಿಳಾಸ ತಗೊಂಡು ಕುಂದರ್ತೈತಿ. ಕೇಬಲ್ ಬದಲಿ ಮಾಡಿ, ನೆಟ್‌ವರ್ಕ್ ಕಾರ್ಡ್ ಬದಲಿ ಮಾಡಿ ಅರ್ಧ ದಿನ ಕಳೀತಾರ. 169.254 ಕಂಡ ಕೂಡ್ಲೇ ಪಿವಿಐಡಿ ನೋಡ್ರಿ.

ಇನ್ನೊಂದು, ಸ್ವಿಚ್ಚಿನ ಸ್ವಂತ ಐಪಿಯನ್ನ ವಿಲ್ಯಾನ್ 99ಕ್ಕ ಒಯ್ಯೂದು ಎಲ್ಲಾದಕ್ಕಿಂತ ಕೊನೀಗೆ ಮಾಡ್ರಿ. ಅದಕ್ಕೂ ಮೊದಲು ಒಂದು ಪೋರ್ಟನ್ನ 99ಕ್ಕ ಕೊಟ್ಟು ಪಿವಿಐಡಿನೂ 99 ಮಾಡಿ, ಲ್ಯಾಪ್‌ಟಾಪ್ ಅಲ್ಲಿ ಹಚ್ಚಿ ಇಟ್ಕೊರಿ. ಇಲ್ಲಂದ್ರ ಸೇವ್ ಒತ್ತಿದ ಗಳಿಗ್ಗೇ ನೀವs ಹೊರಗ, ಸ್ವಿಚ್ ರೀಸೆಟ್ ಮಾಡಿ ಮೊದಲಿಂದ ಶುರು.

ವಿಲ್ಯಾನ್ ಹಾಕಿದ ಮ್ಯಾಲ ಬರೂ ದೂರು: "ನೆಟ್‌ವರ್ಕ್ ಒಳಗ ಸರ್ವರ್ ಹೆಸರು ಕಾಣವಲ್ತು." ಹೆಸರು ಹುಡುಕೂ ಬ್ರಾಡ್‌ಕಾಸ್ಟ್ ವಿಲ್ಯಾನ್ ದಾಟಂಗಿಲ್ಲ, ಅದು ಸರಿನೂ ಐತಿ. ಡಿಎನ್‌ಎಸ್ (ಹೆಸರಿಗೆ ಐಪಿ ಹೇಳೂ ಸೇವೆ) ಒಳಗ ಸರ್ವರಿನ ಹೆಸರು ಬರೀರಿ. ಆಮ್ಯಾಲೂ ಫೈಲ್ ಶೇರಿಂಗ್ ಬರದಿದ್ರ ಸರ್ವರಿನ ವಿಂಡೋಸ್ ಫೈರ್‌ವಾಲ್ ನೋಡ್ರಿ. ಅದರ ಕೆಲವು ನಿಯಮ ತನ್ನ ಸಬ್‌ನೆಟ್ಟಿನವರಿಗೆ ಮಾತ್ರ ಬಿಡ್ತಾವ, ಅಲ್ಲಿ 10.10.20.0/24 ಕೂಡಸ್ರಿ. ವಿಂಡೋಸ್ ಫೈರ್‌ವಾಲ್ ಪೂರಾ ಬಂದ್ ಮಾಡಬ್ಯಾಡ್ರಿ.

ಸ್ವಿಚ್‌ದಾಗ ಡಿಎಚ್‌ಸಿಪಿ ಸ್ನೂಪಿಂಗ್ (ಐಪಿ ಯಾರು ಹಂಚತಾರ ಅಂತ ಕಾಯೂ ಸೌಲಭ್ಯ) ಇದ್ರ ಆನ್ ಮಾಡಿ ಫೈರ್‌ವಾಲ್ ಹಚ್ಚಿದ ಪೋರ್ಟ್ ಒಂದನ್ನs ನಂಬಿಕಸ್ತ ಅಂತ ಗುರ್ತು ಮಾಡ್ರಿ. ಯಾರರ ಮನಿ ರೌಟರ್ ತಂದು ಚುಚ್ಚಿದ್ರ ಅದು ಅರ್ಧ ಕಚೇರಿಗೆ ತಪ್ಪು ಐಪಿ ಹಂಚೂದು ಅಲ್ಲೇ ನಿಲ್ತೈತಿ.

ಎರಡು ಕಟ್ಟಡದ ನಡುವ ತಾಮ್ರದ ಕೇಬಲ್ ಎಳದಿದ್ರ ಅದನ್ನ ತಗದು ಫೈಬರ್ ಹಾಕ್ರಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್. ನಮ್ಮ ಕಡೆ ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿಗೆ ಎರಡು ಕಟ್ಟಡದ ಅರ್ಥಿಂಗ್ ನಡುವ ವೋಲ್ಟೇಜ್ ವ್ಯತ್ಯಾಸ ಏಳ್ತೈತಿ, ಅದು ಕೇಬಲ್ ಹಿಡ್ಕೊಂಡು ಸ್ವಿಚ್ಚಿನ ಪೋರ್ಟ್ ಸುಡತೈತಿ. ಗಾಜಿನ ಎಳಿಯೊಳಗ ಕರೆಂಟ್ ಹರಿಯಂಗಿಲ್ಲ. ಹಾಂ, ಫೈಬರ್ ಕೇಬಲ್ಲಿನ ಗಟ್ಟಿತನಕ್ಕ ಒಳಗ ಉಕ್ಕಿನ ತಂತಿ ಅಥವಾ ರಕ್ಷಾಕವಚ ಇದ್ರ ಅದನ್ನ ಸಾಧನಕ್ಕ ಮುಟ್ಟಸಬ್ಯಾಡ್ರಿ.

---

ನವನಗರ_ಕಲಿಕೆ:

ಇಬ್ಬರಿಗೂ ಧನ್ಯವಾದ. 3389 ಮುಚ್ಚಿದೆ. ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರ್ ಒಳಗೇ ಇನ್ನೊಂದು ಯಂತ್ರ ನಡೆಸುವ ಸಾಫ್ಟ್‌ವೇರ್) ಓಪಿಎನ್‌ಸೆನ್ಸ್ ಎಂಬ ಉಚಿತ ಫೈರ್‌ವಾಲ್ ಹಾಕಿ ಪ್ರಯತ್ನಿಸುತ್ತಿದ್ದೇನೆ. ಕ್ಯಾಮೆರಾ ವಿಲ್ಯಾನ್‌ಗೆ ಇಂಟರ್ನೆಟ್ ಬೇಕೆಂದು ಒಂದು ಅನುಮತಿ ನಿಯಮ ಬರೆದೆ, ಸರ್ವರ್ ವಿಲ್ಯಾನ್ ಮುಟ್ಟಬಾರದೆಂದು ಸರ್ವರ್ ಇಂಟರ್‌ಫೇಸ್ ಮೇಲೆ ಒಂದು ತಡೆ ನಿಯಮ ಬರೆದೆ. ಆದರೂ ಕ್ಯಾಮೆರಾ ಕಡೆಯಿಂದ ಸರ್ವರ್‌ಗೆ ಪಿಂಗ್ ಹೋಗುತ್ತಿದೆ. ಎಲ್ಲಿ ತಪ್ಪಿದೆ?

ಜೊತೆಗೆ, ವೈಫೈಗೆ ಮ್ಯಾಕ್ ಫಿಲ್ಟರ್ ಹಾಕಿ ಹೆಸರು ಮುಚ್ಚಿಟ್ಟರೆ ಸಾಕು ಎಂದು ಒಬ್ಬರು ಹೇಳಿದರು.

---

ಗೋಳಗುಮ್ಮಟ_443:

ಮೂರು ತಪ್ಪುಗಳು ಸೇರಿಕೊಂಡಿವೆ. ಕಲಿಯುವವರೆಲ್ಲ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಓಪಿಎನ್‌ಸೆನ್ಸ್, ಅದೇ ಬಗೆಯ ಪಿಎಫ್‌ಸೆನ್ಸ್ ಎರಡರಲ್ಲೂ ಇಂಟರ್‌ಫೇಸ್‌ನ ನಿಯಮ ರೂಢಿಯಂತೆ ಪ್ಯಾಕೆಟ್ ಫೈರ್‌ವಾಲ್ ಒಳಗೆ ಬರುವ ಕಡೆ ಅನ್ವಯಿಸುತ್ತದೆ, ಹೊರಡುವ ಕಡೆ ಅಲ್ಲ. ಕ್ಯಾಮೆರಾದಿಂದ ಸರ್ವರ್‌ಗೆ ಹೋಗುವ ಪ್ಯಾಕೆಟ್ ಕ್ಯಾಮೆರಾ ಇಂಟರ್‌ಫೇಸ್‌ನಲ್ಲಿ ಒಳಬರುತ್ತದೆ. ಸರ್ವರ್ ಇಂಟರ್‌ಫೇಸ್ ಮೇಲೆ ನೀವು ಬರೆದ ತಡೆ ಅದನ್ನು ನೋಡುವುದೇ ಇಲ್ಲ.

ಎರಡನೆಯದು, ಕ್ಯಾಮೆರಾ ನಿಯಮದಲ್ಲಿ ಗುರಿ ಜಾಗದಲ್ಲಿ "ಎನಿ" ಎಂದು ಇಟ್ಟಿರುತ್ತೀರಿ. ಇಂಟರ್ನೆಟ್ ಎಂಬ ಅರ್ಥದಲ್ಲಿ ನೀವು ಬರೆದಿರಿ, ಫೈರ್‌ವಾಲ್‌ಗೆ ಅದು ನಿಮ್ಮ ಸರ್ವರ್ ವಿಲ್ಯಾನ್ ಕೂಡ. ಕ್ರಮ ಹೀಗಿರಲಿ, ಮೇಲಿನಿಂದ ಕೆಳಕ್ಕೆ. ಮೊದಲಿಗೆ, ಫೈರ್‌ವಾಲ್‌ನ ಸ್ವಂತ ವಿಳಾಸಕ್ಕೆ ಡಿಎನ್‌ಎಸ್ 53 ಮತ್ತು ಸಮಯದ ಯುಡಿಪಿ 123 ಬಿಡಿ. ಬಳಿಕ 10.0.0.0/8, 172.16.0.0/12, 192.168.0.0/16 ಈ ಮೂರೂ ಖಾಸಗಿ ವಿಳಾಸ ಗುಂಪುಗಳನ್ನು ಒಂದು ಅಲಿಯಾಸ್‌ಗೆ (ಗುಂಪಿಗೆ ಇಟ್ಟ ಒಂದೇ ಹೆಸರು) ಸೇರಿಸಿ ಅದಕ್ಕೆ ತಡೆ ಹಾಕಿ, ಲಾಗ್ ಆನ್ ಇರಲಿ. ಆಮೇಲೆ ಇಂಟರ್ನೆಟ್ಟಿಗೆ ಬೇಕಾದ ಪೋರ್ಟ್ ಮಾತ್ರ ಬಿಡಿ. ಮೊದಲೆರಡನ್ನು ಅದಲುಬದಲು ಮಾಡಿದರೆ ಹೆಸರು ಬಿಡಿಸುವುದು ನಿಲ್ಲುತ್ತದೆ, ಏಕೆಂದರೆ ಫೈರ್‌ವಾಲ್‌ನ ವಿಳಾಸವೂ 10ರಿಂದಲೇ ಶುರುವಾಗುವ ಖಾಸಗಿ ವಿಳಾಸ. ಆಗ "ಐಪಿ ಹಾಕಿದರೆ ಬರುತ್ತದೆ, ಹೆಸರು ಹಾಕಿದರೆ ಬರುವುದಿಲ್ಲ" ಎನ್ನುವ ದೂರು ಬರುತ್ತದೆ.

ಮೂರನೆಯದು, ನಿಯಮ ಸರಿಪಡಿಸಿದ ಮೇಲೂ ಓಡುತ್ತಿರುವ ಪಿಂಗ್ ನಿಲ್ಲುವುದಿಲ್ಲ. ಸಂಪರ್ಕ ಶುರುವಾದಾಗ ಸ್ಟೇಟ್ ಟೇಬಲ್‌ನಲ್ಲಿ ಒಂದು ನಮೂದು ಹುಟ್ಟುತ್ತದೆ. ಆ ನಮೂದು ಇರುವಷ್ಟು ಕಾಲ ಅದರ ಪ್ಯಾಕೆಟ್‌ಗಳು ನಿಯಮಗಳ ಹತ್ತಿರ ಹೋಗುವುದೇ ಇಲ್ಲ. ಆ ಐಪಿಯ ಸ್ಟೇಟ್‌ಗಳನ್ನು ಅಳಿಸಿ ಮತ್ತೆ ಪರೀಕ್ಷಿಸಿ. ದಾಳಿ ನಡೆಯುತ್ತಿರುವಾಗ ಬ್ಲಾಕ್ ನಿಯಮ ಹಾಕಿ ಸುಮ್ಮನೆ ಕೂತವರಿಗೂ ಇದೇ ಆಗುತ್ತದೆ: ಒಳಗಿದ್ದವನು ಒಳಗೇ ಉಳಿಯುತ್ತಾನೆ.

ಕ್ಯಾಮೆರಾಗೆ ಇಂಟರ್ನೆಟ್ ಬೇಕೇ ಎಂದೂ ಕೇಳಿಕೊಳ್ಳಿ. ವ್ಯವಸ್ಥಾಪಕರು ಮೊಬೈಲ್‌ನಲ್ಲಿ ನೋಡಬೇಕೆಂದರೆ ಅವರ ಫೋನಿಗೆ ವೈರ್‌ಗಾರ್ಡ್ ಕೊಡಿ, ಡಿವಿಆರ್ ಹೊರಗೆ ಹೋಗುವುದು ಬೇಡ. 2016ರ ಮಿರಾಯ್ ಬಾಟ್‌ನೆಟ್ (ದಾಳಿಕೋರರು ವಶಪಡಿಸಿಕೊಂಡ ಸಾಧನಗಳ ಪಡೆ) ಬೆಳೆದದ್ದೇ ಕ್ಯಾಮೆರಾ, ಡಿವಿಆರ್, ಮನೆ ರೌಟರ್‌ಗಳ ಬದಲಾಯಿಸದ ಕಾರ್ಖಾನೆ ಪಾಸ್‌ವರ್ಡ್‌ಗಳ ಮೇಲೆ, ಟೆಲ್‌ನೆಟ್ 23 ಮತ್ತು 2323 ಪೋರ್ಟ್‌ಗಳ ಮೂಲಕ. ರೌಟರ್‌ನಲ್ಲಿ ಯುಪಿಎನ್‌ಪಿ ಆಫ್ ಮಾಡಿ. ಆನ್ ಇದ್ದರೆ ಡಿವಿಆರ್ ನಿಮ್ಮನ್ನು ಕೇಳದೆಯೇ ತನಗೆ ತಾನೇ ಪೋರ್ಟ್ ತೆರೆದುಕೊಳ್ಳುತ್ತದೆ.

ವೈಫೈ ವಿಷಯ: ಮ್ಯಾಕ್ ಫಿಲ್ಟರ್‌ಗೂ ಹೆಸರು ಮುಚ್ಚಿಡುವುದಕ್ಕೂ ಸಮಯ ಕೊಡಬೇಡಿ. ಮ್ಯಾಕ್ ವಿಳಾಸ ಗಾಳಿಯಲ್ಲಿ ಗೂಢಲಿಪಿ ಇಲ್ಲದೆ ಹೋಗುತ್ತದೆ, ಕೇಳಿಸಿಕೊಂಡವನು ಅದನ್ನೇ ಹಾಕಿಕೊಳ್ಳಬಹುದು. ಮುಚ್ಚಿಟ್ಟ ಹೆಸರನ್ನು ಸಿಬ್ಬಂದಿಯ ಫೋನ್‌ಗಳೇ ಕೂಗಿ ಕೇಳುತ್ತವೆ. ಸಿಬ್ಬಂದಿ ವೈಫೈಗೆ ಡಬ್ಲ್ಯುಪಿಎ3, ಹಳೆಯ ಸಾಧನಗಳಿದ್ದರೆ ಡಬ್ಲ್ಯುಪಿಎ2 ಜೊತೆಗೆ 16 ಅಕ್ಷರಕ್ಕಿಂತ ಉದ್ದದ ಪಾಸ್‌ವರ್ಡ್. ಡಬ್ಲ್ಯುಪಿಎ2ನಲ್ಲಿ ಒಂದು ಹ್ಯಾಂಡ್‌ಶೇಕ್ ಹಿಡಿದುಕೊಂಡರೆ ಮನೆಗೆ ಹೋಗಿ ಕೂತು ಪಾಸ್‌ವರ್ಡ್ ಊಹಿಸುತ್ತಾ ಹೋಗಬಹುದು, ಅದಕ್ಕೇ ಉದ್ದ ಮುಖ್ಯ. ಗ್ರಾಹಕರ ವೈಫೈ ವಿಲ್ಯಾನ್ 40ರಲ್ಲಿ, ಕ್ಲೈಂಟ್ ಐಸೊಲೇಶನ್ (ವೈಫೈನ ಸಾಧನಗಳು ಪರಸ್ಪರ ಮಾತಾಡದಂತೆ ತಡೆಯುವುದು) ಆನ್.

ಯಾವ ಫೈರ್‌ವಾಲ್ ಎಂದು ಕೇಳಿದ್ದಿರಿ. ಮಾರಾಟದ ಹಾಳೆಯಲ್ಲಿ ದೊಡ್ಡದಾಗಿ ಅಚ್ಚಾಗಿರುವುದು ಬರೀ ಫೈರ್‌ವಾಲ್ ವೇಗ. ಐಪಿಎಸ್ (ದಾಳಿ ಗುರುತಿಸಿ ತಡೆಯುವುದು), ಮಾಲ್‌ವೇರ್ ತಪಾಸಣೆ ಎಲ್ಲ ಆನ್ ಮಾಡಿದಾಗಿನ ಥ್ರೆಟ್ ಪ್ರೊಟೆಕ್ಷನ್ ವೇಗ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ನಿಮ್ಮ ಲೈನಿನ ವೇಗಕ್ಕೆ ಹೋಲಿಸಬೇಕಾದದ್ದು ಆ ಅಂಕಿಯನ್ನು. ಎರಡನೇ ವರ್ಷದ ಲೈಸೆನ್ಸ್ ನವೀಕರಣದ ಬೆಲೆಯನ್ನು ಈಗಲೇ ಬರಹದಲ್ಲಿ ತೆಗೆದುಕೊಳ್ಳಿ. ನವೀಕರಿಸದಿದ್ದರೆ ಸಿಗ್ನೇಚರ್‌ಗಳು (ದಾಳಿಗಳ ಗುರುತಿನ ಪಟ್ಟಿ) ಆ ದಿನಾಂಕಕ್ಕೇ ನಿಂತುಬಿಡುತ್ತವೆ. ಓಪಿಎನ್‌ಸೆನ್ಸ್ ಆರಿಸಿದರೆ ಲೈಸೆನ್ಸ್ ಖರ್ಚು ಇಲ್ಲ, ಆದರೆ ಅಪ್‌ಡೇಟ್ ಮತ್ತು ಕೆಟ್ಟರೆ ಸರಿಪಡಿಸುವುದು ನಿಮ್ಮ ತಲೆಯ ಮೇಲೆ. ಆಗ ಒಂದೇ ಮಾದರಿಯ ಎರಡು ಪೆಟ್ಟಿಗೆ ಕೊಂಡು ಒಂದನ್ನು ಬದಲಿಗೆಂದು ಕಪಾಟಿನಲ್ಲಿಡಿ, ಕಾನ್ಫಿಗರೇಶನ್ ಬ್ಯಾಕಪ್ ಜೊತೆಗಿರಲಿ. ಆ ಬ್ಯಾಕಪ್ ಫೈಲಿನಲ್ಲಿ ವಿಪಿಎನ್ ಕೀಗಳೂ ಇರುತ್ತವೆ, ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿಯೇ ಇಡಬೇಕು.

---

ಉದ್ಯಮಬಾಗ_ಫೈಬರ್:

ವೈರ್‌ಗಾರ್ಡ್ ಬಗ್ಗೆ ಎರಡು ಮಾತು ಕೂಡಸ್ತೇನಿ. ಶಾಖೆಯ ರೌಟರಿನ ಹೊರಗಿನ ಐಪಿ ನೋಡ್ರಿ. 100.64ರಿಂದ 100.127ರ ಒಳಗ ಇದ್ರ ಅದು ಸಿಜಿನ್ಯಾಟ್ (ಇಂಟರ್ನೆಟ್ ಕಂಪನಿ ಒಂದs ಹೊರಗಿನ ಐಪಿನ ಭಾಳ ಮಂದಿಗೆ ಹಂಚೂದು), ಹೊರಗಿಂದ ಅಲ್ಲಿಗೆ ಯಾರೂ ಬರಾಕ ಆಗಂಗಿಲ್ಲ. ಚಿಂತಿಲ್ಲ, ಸ್ಟ್ಯಾಟಿಕ್ ಐಪಿ ನವನಗರಕ್ಕ ಒಂದs ಸಾಕು, ಶಾಖೆಯವು ಅಲ್ಲಿಗೆ ಕರಿ ಮಾಡ್ತಾವ. ಶಾಖೆ ಕಡೆ ಪರ್ಸಿಸ್ಟೆಂಟ್ ಕೀಪಲೈವ್ 25 ಸೆಕೆಂಡ್ ಇಡ್ರಿ, ಇಲ್ಲಂದ್ರ ನಡುವಿನ ನ್ಯಾಟ್ ಆ ದಾರಿ ಮರೀತೈತಿ.

ಪಿಂಗ್ ಬರ್ತೈತಿ, ಲಾಗಿನ್ ಆಗ್ತೈತಿ, ಆದ್ರ ದೊಡ್ಡ ರಿಪೋರ್ಟ್ ತಗದ್ರ ಅರ್ಧಕ್ಕ ನಿಲ್ತೈತಿ ಅಂದ್ರ ಅದು ಎಂಟಿಯು (ಒಮ್ಮಿಗೆ ಹೋಗೂ ಪ್ಯಾಕೆಟ್ಟಿನ ಗರಿಷ್ಠ ಗಾತ್ರ). ವೈರ್‌ಗಾರ್ಡ್ ಸಾಮಾನ್ಯವಾಗಿ 1420 ಇಟ್ಕೊಂಡಿರ್ತೈತಿ. ನಿಮ್ಮ ಬ್ರಾಡ್‌ಬ್ಯಾಂಡ್ ಪಿಪಿಪಿಓಇ (ಹೆಸರು ಪಾಸ್‌ವರ್ಡ್ ಹಾಕಿ ಜೋಡಸೂ ಬಗಿ) ಇದ್ರ ಲೈನಿನ ಎಂಟಿಯು 1492, ಅದರಾಗ ವೈರ್‌ಗಾರ್ಡಿನ ಹೆಡರಿಗೆ 80 ಕಳದು 1412 ಇಡ್ರಿ, ಎರಡೂ ತುದಿಗೆ. ಪರೀಕ್ಷಾ ಮಾಡೂದಕ್ಕ ಪ್ಯಾಕೆಟ್ ಒಡೀಬಾರದು ಅನ್ನೂ ಗುರ್ತು ಹಚ್ಚಿ 1384 ಬೈಟಿನ ಪಿಂಗ್ ಕಳಸ್ರಿ. 28 ಬೈಟ್ ಹೆಡರ್ ಕೂಡಿ 1412 ಆಗ್ತೈತಿ. ಅದು ಹೋತು, 1385 ಹೋಗಲಿಲ್ಲ ಅಂದ್ರ ಲೆಕ್ಕ ಬರೋಬರಿ.

---

ಮಲಪ್ರಭಾ_ಲಾಗ್ ಉತ್ತರ:

ಕಟ್ಟುವುದರ ಬಗ್ಗೆ ಸಾಕಷ್ಟು ಬಂದಿದೆ. ಕಟ್ಟಿದ ಮೇಲೆ ನಡೆಸುವುದು ಬೇರೆಯದೇ ಕೆಲಸ, ಅದಕ್ಕೆ ಸಮಯ, ಲಾಗ್, ಬ್ಯಾಕಪ್ ಈ ಮೂರು ಬೇಕು.

ಸಮಯದಿಂದ ಶುರು ಮಾಡುತ್ತೇನೆ, ಏಕೆಂದರೆ ಅದನ್ನು ಎಲ್ಲರೂ ಮರೆಯುತ್ತಾರೆ. ಡಿವಿಆರ್ ಹತ್ತು ನಿಮಿಷ ಮುಂದಿದ್ದು ಸರ್ವರ್ ನಾಲ್ಕು ನಿಮಿಷ ಹಿಂದಿದ್ದರೆ ಲಾಗಿನ್ ಮಾಡಿದವರು ಯಾರು ಎಂದು ಕ್ಯಾಮೆರಾದಲ್ಲಿ ಹೊಂದಿಸಿ ನೋಡಲು ಆಗುವುದಿಲ್ಲ. ಸಿಇಆರ್‌ಟಿ-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಇದು ಕಡ್ಡಾಯವೇ ಆಗಿದೆ: ಗಡಿಯಾರಗಳು ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್ ಸಮಯ ಸರ್ವರ್‌ಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗೆ ತಾಳೆಯಾಗಬೇಕು. ಫೈರ್‌ವಾಲ್ ಅಲ್ಲಿಂದ ಸಮಯ ಪಡೆಯಲಿ, ಉಳಿದ ಎಲ್ಲ ಸಾಧನಗಳೂ ಫೈರ್‌ವಾಲ್‌ನಿಂದ ಪಡೆಯಲಿ. ಕರೆಂಟ್ ಹೋಗಿ ಬಂದಾಗಲೆಲ್ಲ ಯಾವುದಾದರೂ ಕಂಪ್ಯೂಟರ್‌ನ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್‌ನ ಸಿಆರ್2032 ಬ್ಯಾಟರಿ ಬದಲಿಸಿ. ದಿನಾಂಕ ತಪ್ಪಿದರೆ ವೆಬ್‌ಸೈಟ್ ಪ್ರಮಾಣಪತ್ರಗಳು ಅಮಾನ್ಯ ಎಂದು ಬರುತ್ತವೆ. ಸಿಬ್ಬಂದಿ ಆ ಎಚ್ಚರಿಕೆಯನ್ನು ಒತ್ತಿ ದಾಟುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಆಮೇಲೆ ನಿಜವಾದ ನಕಲಿ ತಾಣ ಬಂದಾಗಲೂ ಅದೇ ಬೆರಳು ಅದೇ ಗುಂಡಿಯನ್ನು ಒತ್ತುತ್ತದೆ.

ಅದೇ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಡಬೇಕು, ಪಟ್ಟಿ ಮಾಡಿದ ಬಗೆಯ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು. ಎಷ್ಟು ಜಾಗ ಬೇಕು ಎಂದು ಗಾಬರಿಯಾಗಬೇಡಿ. ಸೆಕೆಂಡಿಗೆ 10 ಸಾಲು, ಸಾಲಿಗೆ 250 ಬೈಟ್ ಹಿಡಿದರೆ ದಿನಕ್ಕೆ 8,64,000 ಸಾಲು, 216 ಎಂಬಿ. 180 ದಿನಕ್ಕೆ 39 ಜಿಬಿಗಿಂತ ಕಡಿಮೆ, ಕುಗ್ಗಿಸಿದರೆ ಇನ್ನೂ ಸಣ್ಣದು. ಹಳೆಯ ಕಂಪ್ಯೂಟರ್ ಒಂದಕ್ಕೆ ಲಿನಕ್ಸ್ ಹಾಕಿ ಯುಡಿಪಿ 514ರಲ್ಲಿ ಸಿಸ್‌ಲಾಗ್ (ಸಾಧನಗಳು ಕಳಿಸುವ ಲಾಗ್) ತೆಗೆದುಕೊಂಡರೂ ನಡೆಯುತ್ತದೆ. ಆದರೆ ಲಾಗ್ ಇಡುವ ಯಂತ್ರಕ್ಕೆ ಬೇರೆ ಪಾಸ್‌ವರ್ಡ್ ಇರಲಿ, ವಿಂಡೋಸ್ ಡೊಮೇನ್‌ಗೆ ಸೇರಿಸಬೇಡಿ. ಸರ್ವರ್ ಹಿಡಿದವನು ಮೊದಲು ಅಳಿಸುವುದು ಲಾಗನ್ನು. ವಿಂಡೋಸ್ ಸೆಕ್ಯುರಿಟಿ ಲಾಗ್ ಅಳಿಸಿದರೆ ಈವೆಂಟ್ 1102 ಹುಟ್ಟುತ್ತದೆ. ಆ ಒಂದು ಸಂಖ್ಯೆಗೆ ತಕ್ಷಣ ಮೊಬೈಲ್‌ಗೆ ಸಂದೇಶ ಬರುವಂತೆ ಮಾಡಿ.

ಲಾಗ್ ಓದಲು ದಿನಕ್ಕೆ 15 ನಿಮಿಷ ಸಾಕು, ನಾಲ್ಕೇ ಪ್ರಶ್ನೆ: ರಾತ್ರಿ ಯಾರು ಲಾಗಿನ್ ಆದರು, ಹೊಸ ಬಳಕೆದಾರ ಖಾತೆ ಹುಟ್ಟಿತೇ, ಒಳಗಿನಿಂದ ಒಳಗಿನ ಜಾಲಕ್ಕೇ ತಡೆ ಬಿದ್ದ ಪ್ಯಾಕೆಟ್‌ಗಳು ಯಾವುವು, ಬ್ಯಾಕಪ್ ಮುಗಿಯಿತೇ. ಮೂರನೆಯದು ಚಿನ್ನದಂಥದ್ದು. ಹೊರಗಿನಿಂದ ಬಡಿಯುವವರು ಸದಾ ಇರುತ್ತಾರೆ, ಆ ಸಾಲುಗಳಿಂದ ತಿಳಿಯುವುದು ಕಡಿಮೆ. ಆದರೆ ಬೆರಳಚ್ಚು ಯಂತ್ರ ಸರ್ವರ್‌ನ ಫೈಲ್ ಹಂಚಿಕೆಯ 445 ಪೋರ್ಟನ್ನು ಮುಟ್ಟಲು ಹೋಗಿ ತಡೆ ಬಿದ್ದಿದೆ ಎಂದರೆ ಆ ಯಂತ್ರಕ್ಕೆ ಏನೋ ಹೊಕ್ಕಿದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ಹರಡಿದ್ದು ಇದೇ 445ರಲ್ಲಿ, ಒಂದು ಯಂತ್ರದಿಂದ ಪಕ್ಕದ ಯಂತ್ರಕ್ಕೆ. ಅದರ ಪ್ಯಾಚ್ ಮಾರ್ಚ್ 14ಕ್ಕೇ ಬಂದಿತ್ತು. ಎರಡು ತಿಂಗಳು ಪ್ಯಾಚ್ ಹಾಕದೆ ಬಿಟ್ಟ ಜಾಲಗಳು, ಎಲ್ಲರೂ ಒಂದೇ ಸಬ್‌ನೆಟ್‌ನಲ್ಲಿದ್ದ ಜಾಲಗಳು ಪೂರ್ತಿ ಕೆಳಗೆ ಬಿದ್ದವು.

ಬ್ಯಾಕಪ್: ಸರ್ವರ್‌ಗೆ ಚುಚ್ಚಿಯೇ ಇರುವ ಡಿಸ್ಕ್ ಬ್ಯಾಕಪ್ ಅಲ್ಲ. ರ‍್ಯಾನ್ಸಮ್‌ವೇರ್‌ಗೆ ಅದು ಇನ್ನೊಂದು ಡ್ರೈವ್ ಅಷ್ಟೇ, ಅದನ್ನೂ ಬೀಗ ಹಾಕುತ್ತದೆ. ದತ್ತಾಂಶದ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಲ್ಲಿ. ಎರಡು ಡಿಸ್ಕ್ ಇಟ್ಟುಕೊಂಡು ವಾರ ಬಿಟ್ಟು ವಾರ ಒಂದನ್ನು ಎನ್‌ಕ್ರಿಪ್ಟ್ ಮಾಡಿ ಮುಧೋಳ ಶಾಖೆಯ ತಿಜೋರಿಗೆ ಕಳಿಸಿದರೂ ಆಯಿತು. ದಿನದ ಬ್ಯಾಕಪ್‌ಗೆ ಬೇರೆ ಯಂತ್ರವಿರಲಿ, ಅದು ಸರ್ವರ್‌ನಿಂದ ಎಳೆದುಕೊಳ್ಳಬೇಕು. ಸರ್ವರ್ ಅದರ ಮೇಲೆ ಬರೆಯುವಂತಿದ್ದರೆ ಸರ್ವರ್ ಹಿಡಿದವನೂ ಬರೆಯುತ್ತಾನೆ. ಎಸ್‌ಕ್ಯೂಎಲ್ ಓಡುತ್ತಿರುವಾಗ ಅದರ ಫೈಲನ್ನು ಹಾಗೇ ನಕಲು ಮಾಡಬೇಡಿ, ಅದರದೇ ಬ್ಯಾಕಪ್ ಆಜ್ಞೆ ಬಳಸಿ.

ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರ್‌ಗೆ ಮರಳಿ ಹಾಕಿ, ಒಂದು ಖಾತೆಯ ನಿನ್ನೆಯ ಬಾಕಿ ತೆರೆದು ಕಾಗದದ ಜೊತೆ ತಾಳೆ ನೋಡಿ, ಎಷ್ಟು ಗಂಟೆ ಹಿಡಿಯಿತು ಎಂದು ಬರೆದಿಡಿ. ಮೂರನೇ ಹಾಳೆಯಲ್ಲಿ ಮಂಡಳಿ ಹೇಳಿದ ಗಂಟೆಗಿಂತ ಹೆಚ್ಚಾದರೆ ಆ ಎರಡು ಅಂಕಿಗಳನ್ನು ಅವರ ಮುಂದೆ ಇಡಿ. ದುಡ್ಡು ಕೇಳಲು ಅದಕ್ಕಿಂತ ಒಳ್ಳೆಯ ಕಾಗದ ಇಲ್ಲ.

ಕಲಿಕೆಯ ಬಗ್ಗೆ: ಕೋರ್ಸ್ ಆಮೇಲೆ, ಪ್ರಯೋಗ ಈಗ. 16 ಜಿಬಿ ಮೆಮೊರಿಯ ಲ್ಯಾಪ್‌ಟಾಪ್‌ನಲ್ಲಿ ಓಪಿಎನ್‌ಸೆನ್ಸ್‌ಗೆ 4 ಜಿಬಿ, ವಿಂಡೋಸ್‌ಗೆ 4, ಲಿನಕ್ಸ್‌ಗೆ 2 ಕೊಟ್ಟು ಮೂರು ವರ್ಚುವಲ್ ಯಂತ್ರ ನಡೆಸಿ. ಸಬ್‌ನೆಟ್ ಲೆಕ್ಕ ಮತ್ತು ವಿಲ್ಯಾನ್‌ಗೆ ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಉಚಿತವಾಗಿ ಸಿಗುವ ಪ್ಯಾಕೆಟ್ ಟ್ರೇಸರ್ ಸಾಕು. ಪ್ಯಾಕೆಟ್ ಹಿಡಿದು ತೋರಿಸುವ ವೈರ್‌ಶಾರ್ಕ್‌ನಲ್ಲಿ ಡಿಎಚ್‌ಸಿಪಿಯ ನಾಲ್ಕು ಪ್ಯಾಕೆಟ್, ಟಿಸಿಪಿಯ ಮೂರು ಪ್ಯಾಕೆಟ್, ಒಂದು ಡಿಎನ್‌ಎಸ್ ಪ್ರಶ್ನೋತ್ತರ ಇವನ್ನು ನೋಡದೆ ಬಾಯಿಪಾಠ ಹೇಳುವಷ್ಟು ನೋಡಿ. ಇದು ಬಂದವರಿಗೆ ಫೈರ್‌ವಾಲ್ ಲಾಗ್ ಓದಲು ಬೇರೆ ಗುರು ಬೇಕಿಲ್ಲ. ಪ್ರಮಾಣಪತ್ರ ಬೇಕೆಂದರೆ ಮೊದಲು ನೆಟ್‌ವರ್ಕಿಂಗ್‌ನ ಸಿಸಿಎನ್‌ಎ, ಬಳಿಕ ಸುರಕ್ಷತೆಯ ಸೆಕ್ಯುರಿಟಿ ಪ್ಲಸ್. ತಳಪಾಯ ಇಲ್ಲದೆ ನೇರವಾಗಿ ಹ್ಯಾಕಿಂಗ್ ಕೋರ್ಸಿಗೆ ಹೋಗಿ ದುಡ್ಡು ಕಳೆಯಬೇಡಿ.

ಸ್ಕ್ಯಾನ್ ಮಾಡುವ ಮುನ್ನ ಸಂಘದಿಂದ ಲಿಖಿತ ಅನುಮತಿ ತೆಗೆದುಕೊಳ್ಳಿ: ಯಾವ ಐಪಿಗಳು, ಯಾವ ದಿನಾಂಕ, ಯಾವ ಸಮಯ. ಪರವಾನಗಿ ಇಲ್ಲದೆ ಬೇರೆಯವರ ಕಂಪ್ಯೂಟರ್‌ಗೆ ಕೈಹಾಕುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 43ಕ್ಕೆ ಬರುತ್ತದೆ. ದುರುದ್ದೇಶ ಇದ್ದರೆ ಕಲಂ 66ರಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅಥವಾ ಎರಡೂ.

---

ನವನಗರ_ಕಲಿಕೆ:

ಸ್ಟೇಟ್ ಅಳಿಸಿದ ಕೂಡಲೇ ಪಿಂಗ್ ನಿಂತಿತು. ಮೊದಲ ಹಾಳೆ ಮುಗಿದಿದೆ. ಎರಡನೇ ಹಾಳೆಯಲ್ಲಿ ಒಂದು ಸಾಲಿಗೆ ಉತ್ತರ ಸಿಗುತ್ತಿಲ್ಲ: ಸಾಫ್ಟ್‌ವೇರ್ ಕೊಟ್ಟವರು ಎನಿಡೆಸ್ಕ್ (ದೂರದಿಂದ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಸದಾ ಆನ್ ಇರಬೇಕು, ಇಲ್ಲದಿದ್ದರೆ ಬೆಂಬಲ ಕೊಡಲಾಗದು ಎನ್ನುತ್ತಾರೆ. ಆ ಸಾಲು ಹೇಗೆ ಬರೆಯಲಿ?

---

ಗೋಳಗುಮ್ಮಟ_443:

ಬೆಂಬಲ ಬೇಕು ಎನ್ನುವುದು ಸರಿ, ಸದಾ ಆನ್ ಎನ್ನುವುದು ಬೇಡ. ಅವರಿಗೆ ಸರ್ವರ್‌ನಲ್ಲಿ ಅವರದೇ ಹೆಸರಿನ ಪ್ರತ್ಯೇಕ ಖಾತೆ ಮಾಡಿ, ಅಡ್ಮಿನಿಸ್ಟ್ರೇಟರ್ ಗುಂಪಿಗೆ ಸೇರಿಸಬೇಡಿ, ಅವರ ಸಾಫ್ಟ್‌ವೇರ್ ಫೋಲ್ಡರ್ ಮತ್ತು ಡೇಟಾಬೇಸಿಗೆ ಮಾತ್ರ ಹಕ್ಕು ಕೊಡಿ. ಖಾತೆ ಸಾಮಾನ್ಯವಾಗಿ ನಿಷ್ಕ್ರಿಯವಾಗಿರಲಿ. ಎನಿಡೆಸ್ಕ್‌ನಲ್ಲಿ ಕಾವಲಿಲ್ಲದ ಪ್ರವೇಶದ ಪಾಸ್‌ವರ್ಡ್ ತೆಗೆದುಹಾಕಿ; ಈ ಕಡೆ ಯಾರಾದರೂ ಕೂತು ಒಪ್ಪಿಗೆ ಒತ್ತಿದರೆ ಮಾತ್ರ ಒಳಬರುವಂತೆ ಇಡಿ. ಅವರ ಐಡಿಯನ್ನು ಅನುಮತಿ ಪಟ್ಟಿಗೆ ಸೇರಿಸಿ, ಉಳಿದವರೆಲ್ಲರಿಗೂ ತಡೆ.

ಸಾಲು ಹೀಗಿರಲಿ: ಸಾಫ್ಟ್‌ವೇರ್ ಬೆಂಬಲದವರಿಂದ – ಸರ್ವರ್‌ಗೆ – ಎನಿಡೆಸ್ಕ್, ಫೋನ್ ಮಾಡಿ ಕೇಳಿದ ಮೇಲೆ – ದೂರು ಸರಿಪಡಿಸಲು – ಎರಡು ಗಂಟೆ, ಆಮೇಲೆ ಖಾತೆ ನಿಷ್ಕ್ರಿಯ – ಒಪ್ಪಿದವರು: ವ್ಯವಸ್ಥಾಪಕರು. ಫೋನ್ ಬಂದಾಗ ಆ ಕರೆಯ ಮೇಲೆಯೇ ಒಪ್ಪಬೇಡಿ, ಒಪ್ಪಂದದ ಕಾಗದದಲ್ಲಿರುವ ಸಂಖ್ಯೆಗೆ ನೀವೇ ಮರಳಿ ಕರೆ ಮಾಡಿ. ಪಕ್ಕದಲ್ಲೊಂದು ರಿಜಿಸ್ಟರ್ ಇಡಿ: ದಿನಾಂಕ, ಬಂದವರ ಹೆಸರು, ಏನು ಬದಲಿಸಿದರು, ಎಷ್ಟಕ್ಕೆ ಹೋದರು. ಜಮಖಂಡಿ, ಇಳಕಲ್ಲ, ಮುಧೋಳಕ್ಕೂ ಇದೇ ರಿಜಿಸ್ಟರ್, ಇದೇ ಸಾಲು. ಶಾಖೆಯ ಯಾವ ಕಂಪ್ಯೂಟರ್‌ನಲ್ಲೂ ಎನಿಡೆಸ್ಕ್ ಬೇರೆಯಾಗಿ ಬೇಡ.